ಚಟ ಹಿಡಿದ ಕೂದಲು

ನನ್ನ ಮಗಳದು ಗುಂಗುರು ಕೂದಲು. ನಮ್ಮಮ್ಮನ ಕಡೆಯಿಂದ ಬಂದದ್ದು. ಬೆಂಗಳೂರಿನ ಮದುವೆ ಮನೆಗಳಿಗೆ ಹೋದರೆ ಗುರುತಿಲ್ಲದ ಹೆಂಗಸರೂ ಅದರೊಳಗೆ ಬೆರಳು ತೂರಿಸಿ, "ಏನ್ ಚೆಂದ ಕೂದ್ಲೇ ನಿಂದು" ಅನ್ನುತ್ತಾರೆ. ನಾವಿರುವ ಜಪಾನಿನ ನಗೋಯಾದಲ್ಲಿ ಅದಕ್ಕೆ ಕುಸೆಗೆ ಅಂತ ಹೆಸರು. ಗೆ ಅಂದರೆ ಕೂದಲು, ಕುಸೆ ಅಂದರೆ ಚಟ. ಉಗುರು ಕಚ್ಚುವುದು ಕುಸೆ, ಕೂತಲ್ಲಿ ಕಾಲು ಅಲ್ಲಾಡಿಸುವುದು ಕುಸೆ, ಏನಾದರೂ ಆಗುವ ಮೊದಲೇ ಹೆದರಿಕೊಳ್ಳುವುದೂ ಕುಸೆ. ಕೊನೆಯದರಲ್ಲಿ ನಾನು ಸೀನಿಯರ್.

ಈ ವರ್ಷ ಅವಳು ಮಿಡಲ್ ಸ್ಕೂಲಿಗೆ ಸೇರಿದಳು. ಸೇರಿ ಸ್ವಲ್ಪ ದಿನಕ್ಕೆ ಕ್ಲಾಸ್ ಟೀಚರ್, ಮಗಳ ಬಾಯಲ್ಲಿ ಸೆನ್ಸೇಯ್, ಫೋನ್ ಮಾಡಿದರು. ತುಂಬ ಮೆದು ದನಿಯ ಹುಡುಗ. ಶಾಲೆಯಲ್ಲಿ ಪರ್ಮ್, ಅಂದರೆ ಸಲೂನಿನಲ್ಲಿ ಕೂದಲು ಗುಂಗುರು ಮಾಡಿಸುವ ಹಾಗಿಲ್ಲ, ನಿಮ್ಮ ಮಗಳದು ಹುಟ್ಟಿನಿಂದ ಬಂದದ್ದೆಂದು ನನಗೆ ಗೊತ್ತು, ಆದರೆ ಬೇರೆಯವರು ತಪ್ಪು ತಿಳಿಯಬಾರದಲ್ಲ ಅಂದರು. ಅವಳ ಎಳೆಯ ವಯಸ್ಸಿನ ಫೋಟೋ ಅಂಟಿಸಿ, ಇದು ಸಹಜ ಕೂದಲು ಎಂದು ಬರೆದು, ಸಹಿಯ ಬದಲು ಮೊಹರು ಒತ್ತಿ ಕೊಟ್ಟರೆ ಸಾಕು. ಇಲ್ಲದಿದ್ದರೆ ಸ್ಟ್ರೇಟ್ ಮಾಡಿಸುವವರೂ ಇದ್ದಾರೆ, ಮಕ್ಕಳಿಗೂ ನಿರಾಳ. "ಕಡ್ಡಾಯ ಅಲ್ಲ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ನಾನು ಫೋನಿಗೇ ತಲೆ ಬಾಗಿಸಿ ಹೈ ಹೈ, ಹೌದು ಹೌದು ಅನ್ನುತ್ತಿದ್ದೆ. ಆಮೇಲೆ ಕೂತು ಯೋಚಿಸಿದೆ. ಕಾಗದ ಕೊಟ್ಟರೆ ಫೈಲಿನಲ್ಲಿ ಉಳಿಯುತ್ತದೆ. ಫೈಲು ಹೈಸ್ಕೂಲಿಗೆ ಹೋಗುತ್ತದೆ. ಅಲ್ಲಿಂದ ಇನ್ನೆಲ್ಲಿಗೋ, ವೀಸಾ ಆಫೀಸಿಗೂ ಹೋದೀತು. ಕೂದಲು ನೇರವಾಗಿಬಿಟ್ಟರೆ ಯಾವ ಕುರುಹೂ ಇಲ್ಲ. ಶನಿವಾರಕ್ಕೆ ಸಲೂನಿನಲ್ಲಿ ಬುಕ್ ಮಾಡಿದೆ.

"ಏನ್ರೀ, ಹುಟ್ಟಿದ ಕೂದ್ಲಿಗೆ ಸರ್ಟಿಫಿಕೇಟಾ?" ಅಂದಳು ನನ್ನ ಹೆಂಡತಿ. "ಹಂಗಾದ್ರೆ ನಿಮ್ಮ ಬೋಳುತಲೆಗೂ ಒಂದು ಮಾಡಿಸ್ಕೊಳಿ."

ಮಗಳು ಫೋನಿನಿಂದ ಕಣ್ಣೆತ್ತಲಿಲ್ಲ. "ಬೆತ್ಸುನಿ" ಅಂದಳು. ಹೇಗಾದರೂ ಸರಿ, ನನಗೇನಿಲ್ಲ ಅಂತ ಅದರರ್ಥ. ಈ ವಯಸ್ಸಿನವರೆಲ್ಲ ದಿನವಿಡೀ ಹೇಳುವ ಮಾತು. ನನಗೂ ಆಗ ಏನೂ ಅನ್ನಿಸಲಿಲ್ಲ. ಒಂದು ಕೆಲಸ ಮುಗಿಯಿತು, ಅಷ್ಟೇ.

ಗುರುವಾರ ಸಂಜೆ ಪಕ್ಕದ ಮನೆಯ ಅಜ್ಜಿಗೆ ಬುಟ್ಟಿ ವಾಪಸು ಕೊಡಲು ಹೋದೆವು. ಅವರಿಗೆ ತೊಂಬತ್ತು ದಾಟಿದೆ. ಹಿತ್ತಿಲಲ್ಲಿ ಬೆಳೆದ ಮೂಲಂಗಿಯನ್ನು ನಮಗೆ ಕೊಡುತ್ತಾರೆ, ನಾವು ಅದನ್ನೇ ಸಾರು ಮಾಡಿ ಕೊಡುತ್ತೇವೆ, ಅವರು ಖಾರ ಖಾರ ಅಂತ ನಗುತ್ತಾರೆ. ಅವತ್ತು ಬಾಗಿಲ ಮೆಟ್ಟಿಲ ಮೇಲೆ ಕೂರಿಸಿ ಮಗಳ ಕೂದಲು ಮುಟ್ಟಿದರು. ಶನಿವಾರ ಸ್ಟ್ರೇಟ್ ಮಾಡಿಸುತ್ತಾರೆ ಅಂತ ಅವಳೇ ಹೇಳಿದಳು. ಅಜ್ಜಿ ಮಾತಾಡತೊಡಗಿದರು.

ನನ್ನ ಜಪಾನಿ ಭಾಷೆ ಕಾರ್ಖಾನೆಯದು. ಗೇರ್ ಬಾಕ್ಸಿನ ವಿಷಯಕ್ಕಾದರೆ ಸಾಲುತ್ತದೆ, ಅಜ್ಜಿಯರ ಮಾತಿಗೆ ಸಾಲದು. ಮಗಳು ಅನುವಾದ ಮಾಡಿದಳು. ಅವಳ ಕನ್ನಡವೂ ಅಷ್ಟಕ್ಕಷ್ಟೇ. ಹೇಳಿದರಂತೆ, ಬಂದರಂತೆ ಅನ್ನುವುದೆಲ್ಲ ಅವಳ ಬಾಯಲ್ಲಿ ತಿರುಗುವುದಿಲ್ಲ. ಅಜ್ಜಿ 'ನಾನು' ಅಂದರೆ ಅವಳೂ 'ನಾನು' ಅನ್ನುತ್ತಾಳೆ.

"ನಂದೂ ಕರ್ಲಿ ಹೇರ್. ಯುದ್ಧ ಇತ್ತು. ಪರ್ಮ್ ಮಾಡ್ಬಾರ್ದು, ಅದು ಶತ್ರು ದೇಶದ್ದು. ನಂದು ಪರ್ಮ್ ಅಲ್ಲ. ಆದ್ರೂ ರೋಡಲ್ಲಿ ಮಕ್ಳು ಪರ್ಮ್ ಬೇಡ ಅಂತ ಹಾಡು ಹೇಳ್ತಾರೆ, ನನ್ನ ಹಿಂದೆ."

ಸರ್ವಾಧಿಕಾರ ಅಂದರೆ ನಾನು ಬೂಟು, ಜೀಪು, ಬಾಗಿಲು ಬಡಿಯುವ ಪೊಲೀಸು ಅಂದುಕೊಂಡಿದ್ದವನು. "ಪೊಲೀಸ್ ಬಂದ್ರಾ ಕೇಳು" ಅಂದೆ.

ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. "ಪೊಲೀಸ್ ಇಲ್ಲ. ಆಂಟಿ. ಎದುರು ಮನೆ ಆಂಟಿ. ವೈಟ್ ಏಪ್ರನ್ ಹಾಕ್ಕೊಂಡು ಟ್ರ್ಯಾಮ್ ಸ್ಟಾಪಲ್ಲಿ ನಿಂತ್ಕೋತಾರೆ. ಯಾರ ಡ್ರೆಸ್ ಹೆಂಗಿದೆ, ಯಾರ ಕೂದ್ಲು ಹೆಂಗಿದೆ, ನೋಡ್ತಾರೆ. ಸುತ್ತಮುತ್ತ ಹತ್ತು ಮನೆ ಒಂದು ಗ್ರೂಪ್. ರೇಷನ್ ಅಕ್ಕಿ ಗ್ರೂಪಿಂದಾನೇ ಬರೋದು. ಆಂಟಿ ಗ್ರೂಪಿನ ಹೆಡ್."

"ಬೈದ್ರಾ?"

"ಇಲ್ಲ. ತುಂಬ ಒಳ್ಳೆಯವರು. ಗೆಣಸು ಕೊಡ್ತಾರೆ. ಅಮ್ಮಂಗೆ ಹೇಳಿದ್ರು, ಮಗು ಬಗ್ಗೆ ಜನ ತಪ್ಪು ತಿಳ್ಕೋತಾರೆ, ನಂಗೆ ಯೋಚನೆ, ಅಂತ. ಅಮ್ಮ ಎಣ್ಣೆ ಹಾಕಿ ಎಳೆದು ಕಟ್ಟಿದ್ಲು. ಸಾಯಂಕಾಲ ಮತ್ತೆ ಕರ್ಲ್ ಆಯ್ತು. ಆಮೇಲೆ ಅಮ್ಮ ನನ್ನ ಕೂದ್ಲೆಲ್ಲ ಕತ್ತರಿಸಿದ್ಲು. ಹುಡುಗರ ಥರ. ಕಿವಿ ತಣ್ಣಗಾಯ್ತು."

ನನ್ನ ಮಗಳ ಬಾಯಲ್ಲಿ, ನನ್ನ ಮಗಳ ದನಿಯಲ್ಲಿ ನಾನಿದನ್ನು ಕೇಳುತ್ತಿದ್ದೆ. ಅಳುವುದು, ಸಿಟ್ಟಾಗುವುದು ಏನೂ ಆಗಲಿಲ್ಲ. ಕಾಲು ಜೋಮು ಹಿಡಿದಿತ್ತು, ಅದರ ಕಡೆಗೇ ಗಮನ ಇತ್ತು. ಅಜ್ಜಿಯೂ ಬೇಳೆ ಆರಿಸುವವರ ಹಾಗೆ ಹೇಳುತ್ತಿದ್ದರು.

"ಮಾರನೇ ದಿನ ಟ್ರ್ಯಾಮ್ ಸ್ಟಾಪಲ್ಲಿ ಆಂಟಿ ನನ್ನ ತಲೆ ಸವರಿ, ಗುಡ್ ಗರ್ಲ್ ಅಂದ್ರು. ನಂಗೆ..."

ಅಲ್ಲಿ ನಿಲ್ಲಿಸಿದಳು. ಅಜ್ಜಿಯನ್ನು ಜಪಾನಿ ಭಾಷೆಯಲ್ಲಿ ಮತ್ತೇನೋ ಕೇಳಿದಳು. ಅವರು ಅದನ್ನೇ ಮತ್ತೆ ಹೇಳಿದರು.

"ಖುಷಿ ಆಯ್ತು" ಅಂದಳು ಮಗಳು. "ನಂಗಲ್ಲ ಅಪ್ಪ. ಅಜ್ಜಿಗೆ."

ಅಜ್ಜಿ ಎದ್ದು ಇನ್ನೆರಡು ಮೂಲಂಗಿ ತಂದು ಅದೇ ಬುಟ್ಟಿಯಲ್ಲಿ ಹಾಕಿ ಕೊಟ್ಟರು. ಮಾಡಿಸು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಗೇಟು ದಾಟುವಾಗ ಮಗಳು ಕೇಳಿದಳು, "ಶನಿವಾರ ಎಷ್ಟು ಗಂಟೆಗೆ?"

"ಏನು?"

"ಸಲೂನ್. ಸೆನ್ಸೇಯ್ ಖುಷಿ ಪಡ್ತಾರೆ, ಅಲ್ವಾ?"

ಮರುದಿನ ಊಟದ ಬಿಡುವಿನಲ್ಲಿ ಕಾರ್ಖಾನೆಯ ಪಾರ್ಕಿಂಗಿನಲ್ಲಿ ನಿಂತು ಸಲೂನಿಗೆ ಫೋನ್ ಮಾಡಿ ಬುಕಿಂಗ್ ರದ್ದು ಮಾಡಿಸಿದೆ. ಅವರಿಗೇ ನಷ್ಟವಾದ ಹಾಗೆ ಸುಮಿಮಾಸೆನ್ ಸುಮಿಮಾಸೆನ್ ಅಂತ ಕ್ಷಮೆ ಕೇಳಿದೆ. ಆಮೇಲೆ ಟೀಚರಿಗೆ. ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಕನ್ನಡದಲ್ಲಿ ಜೋಡಿಸಿಕೊಂಡಿದ್ದೆ. ನ್ಯಾಯ, ಇತಿಹಾಸ, ಎಲ್ಲ ಇತ್ತು ಅದರಲ್ಲಿ. ಅವರ ಮೆದು ದನಿ ಕೇಳಿದ್ದೇ ಒಂದೂ ಉಳಿಯಲಿಲ್ಲ.

"ಆ ಕಾಗದ... ಚೊತ್ತೊ..." ಅಂದೆ. ಚೊತ್ತೊ ಅಂದರೆ ಸ್ವಲ್ಪ. ಇಲ್ಲಿ ಯಾರೂ ಆಗುವುದಿಲ್ಲ ಅನ್ನುವುದಿಲ್ಲ, ಸ್ವಲ್ಪ ಅಂದು ಸುಮ್ಮನಾಗುತ್ತಾರೆ. "ಸ್ಟ್ರೇಟ್ ಮಾಡಿಸುವುದೂ... ಚೊತ್ತೊ..."

ಮತ್ತೆ ಫೋನಿಗೇ ತಲೆ ಬಾಗಿಸಿದೆ. "ಹಾಗೋ. ತಿಳಿಯಿತು" ಅಂದರು ಟೀಚರ್. ಏನು ತಿಳಿಯಿತೋ, ಎಲ್ಲಿ ಬರೆದುಕೊಂಡರೋ ಗೊತ್ತಿಲ್ಲ.

ಮನೆಯಲ್ಲಿ ಹೇಳಿದರೆ ಹೆಂಡತಿ, "ಅಷ್ಟೇನಾ? ಜಗಳ ಆಡ್ಲಿಲ್ವಾ?" ಅಂದಳು.

"ಆಡಿದ್ನಲ್ಲ. ಎರಡು ಸಲ."

ಮಗಳು ಫೋನ್ ಕೆಳಗಿಟ್ಟಳು. "ಹಂಗಾದ್ರೆ ಸೋಮವಾರ ಕೂದ್ಲು ಬಿಟ್ಕೊಂಡು ಹೋಗ್ಲಾ?"

"ಕಟ್ಕೋ" ಅಂದೆ. ಭುಜ ದಾಟಿದ ಕೂದಲನ್ನು ಕಟ್ಟಬೇಕು ಅನ್ನುವುದು ಶಾಲೆಯ ಬೇರೆ ನಿಯಮ. ಅದರ ಬಗ್ಗೆ ನಾನಿನ್ನೂ ಯಾರ ಹತ್ತಿರವೂ ಏನೂ ಅಂದಿಲ್ಲ.