ನಿಮಿಷಣ್ಣನ ಬಲಗಣ್ಣು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನಿಮಿಷಣ್ಣ ಸೀನಿದ.

ಬೇರೆಯವರು ಸೀನಿದರೆ ಅದೊಂದು ಸುದ್ದಿಯಲ್ಲ. ಮೂಗು ಒರೆಸಿಕೊಂಡು ಮುಂದಿನ ಕೆಲಸ ನೋಡುತ್ತಾರೆ. ಕೈಗಡಿಯಾರ ರಿಪೇರಿ ಮಾಡುವವನ ಸೀನು ಹಾಗಲ್ಲ, ಅದು ಪ್ರಳಯಕ್ಕೆ ಸಮ. ಆ ಹೊತ್ತಿನಲ್ಲಿ ಅವನ ಮುಂದಿನ ಬಿಳಿ ಕಾಗದದ ಮೇಲೆ ಒಂದು ಗಡಿಯಾರದ ಇಡೀ ಸಂಸಾರ ಹರಡಿಕೊಂಡಿತ್ತು: ಹಲ್ಲಿನ ಚಕ್ರಗಳು, ಹನ್ನೊಂದು ತಿರುಪು, ಕೂದಲಿಗಿಂತ ತೆಳ್ಳಗಿನ ಒಂದು ಸುರುಳಿ. ಸೀನು ಮುಗಿದಾಗ ತಿರುಪು ಹತ್ತೇ ಇದ್ದವು. ಸಾಸಿವೆ ಕಾಳೇ ದೈತ್ಯನಂತೆ ಕಾಣಬೇಕು, ಅಷ್ಟು ಸಣ್ಣದು ಆ ಹನ್ನೊಂದನೆಯದು. ಅದರ ಬೆನ್ನು ಹತ್ತಿ ನಿಮಿಷಣ್ಣ ಪೊರಕೆ ಹಿಡಿದು, ಮಂಡಿಯೂರಿ, ಮುಕ್ಕಾಲು ಗಂಟೆ ದಂಡಯಾತ್ರೆ ನಡೆಸಿದ. ಕೊನೆಗೆ ಅದು ಸಿಕ್ಕಿದ್ದು ಪಕ್ಕದ ಗೂಡಂಗಡಿಯಲ್ಲಿ ಕೀಲಿ ಮಾಡಿಕೊಡುವವನ ಚಹಾ ಲೋಟದ ತಳದಲ್ಲಿ. ಚಹಾ ಆಗಲೇ ಮುಗಿದಿತ್ತು.

"ನುಂಗಿಬಿಟ್ಟಿದ್ರೆ ನಾನೂ ಟಿಕ್ ಟಿಕ್ ಅಂತಿದ್ನಲ್ಲಣ್ಣ!" ಎಂದ ಕೀಲಿಯವನು, ಲೋಟ ಬಗ್ಗಿಸಿ ನೋಡುತ್ತ. ಆಮೇಲೆ ಮುಖ ಎತ್ತಿದವನು, "ಅಯ್ಯೋ, ಇದೇನು ಅಳ್ತಾ ಇದೀಯ? ಅತ್ತಿಗೆ ಬೈದ್ರಾ?" ಎಂದು ಕೇಳಿದ.

ನಿಮಿಷಣ್ಣ ಅಳುತ್ತಿರಲಿಲ್ಲ. ಬಲಗಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು. ಕಣ್ಣೊಳಗೆ ಯಾರೋ ಮರಳು ತೂರಿದ ಹಾಗೆ ನವೆ. ಅವನು ಕಿಸೆಯಿಂದ ಬಿಳಿ ಕರವಸ್ತ್ರ ತೆಗೆದು ಚೆನ್ನಾಗಿ ಉಜ್ಜಿಕೊಂಡ. ನವೆ ಇಮ್ಮಡಿಯಾಯಿತು. ಎದುರಿನ ಗೋಡೆಯ ಗಡಿಯಾರದ ಅಂಕಿಗಳು ನೀರಿಗೆ ಬಿದ್ದ ಹಾಗೆ ಅಲ್ಲಾಡಿದವು.

ಅವನ ಹೆಸರಿನ ವಿಷಯ ಇಲ್ಲೇ ಹೇಳಿಬಿಡಬೇಕು. ಯಾವ ಗಿರಾಕಿ ಬಂದು ಯಾವಾಗ ಸಿಗುತ್ತದೆ ಎಂದು ಕೇಳಿದರೂ ಅವನ ಉತ್ತರ ಒಂದೇ: "ಒಂದ್ನಿಮಿಷ." ಆ ನಿಮಿಷ ಮಧ್ಯಾಹ್ನದವರೆಗೆ ಹಿಗ್ಗಬಹುದು, ಮುಂದಿನ ತಿಂಗಳವರೆಗೂ ಹಿಗ್ಗಬಹುದು. ಸಮಯವನ್ನೇ ರಿಪೇರಿ ಮಾಡುವವನಿಗೆ ಅಷ್ಟು ಅಧಿಕಾರ ಇರಬೇಡವೇ? ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಮೂರೂವರೆ ಅಡಿ ಅಗಲದ ಜಾಗ ಅವನ ಸಾಮ್ರಾಜ್ಯ. ಕುರ್ಚಿಯಲ್ಲಿ ಕೂತು ಮೊಣಕೈ ಚಾಚಿದರೆ ಎರಡೂ ಗಡಿ ಮುಟ್ಟುತ್ತದೆ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಚಕ್ರ ಎತ್ತಿ, ಉಸಿರು ಬಿಗಿಹಿಡಿದು ಕೂರಿಸುವುದು ಅವನ ಕಸುಬು. ಮೂವತ್ತು ವರ್ಷ ಉಸಿರು ಹಿಡಿದೇ ಹೊಟ್ಟೆ ಹೊರೆದವನು.

ಅವನ ಅಪ್ಪನೂ ಅದೇ ಕುರ್ಚಿಯಲ್ಲಿ ಕೂತವರು. ಗಡಿಯಾರ ಬಿಚ್ಚುವ ಮೊದಲು ಅವರು ಗಿರಾಕಿಯನ್ನು ಒಂದು ಪ್ರಶ್ನೆ ಕೇಳುತ್ತಿದ್ದರು: "ಇದು ರಾತ್ರಿ ಎಲ್ಲಿ ಮಲಗುತ್ತೆ?" ಅರ್ಧ ಕಾಯಿಲೆ ಗಡಿಯಾರದ ಒಳಗೆ ಇರುವುದಿಲ್ಲ, ಅದನ್ನು ಇಡುವ ಜಾಗದಲ್ಲಿ ಇರುತ್ತದೆ ಎಂಬುದು ಅವರ ಲೆಕ್ಕಾಚಾರ. ಮಗನೂ ಅದನ್ನೇ ಕೇಳುತ್ತ ಬಂದಿದ್ದ. ಹೋದ ತಿಂಗಳು ಕಣ್ಣಿನ ಡಾಕ್ಟರಮ್ಮ ತಮ್ಮ ಕೈಗಡಿಯಾರ ಹುಚ್ಚುಕುದುರೆಯ ಹಾಗೆ ಓಡುತ್ತಿದೆ ಎಂದು ತಂದಾಗಲೂ ಕೇಳಿದ. ಅದು ರೇಡಿಯೊದ ಸ್ಪೀಕರಿನ ಮೇಲೆ ಮಲಗುತ್ತಿತ್ತು. ಒಳಗಿನ ಅಯಸ್ಕಾಂತ ಗಡಿಯಾರದ ಸುರುಳಿಯನ್ನು ಕೆಡಿಸಿತ್ತು. ಡಾಕ್ಟರಮ್ಮ ಬೆರಗಾಗಿ ಹೋದರು.

ಆದರೆ ಅಪ್ಪನಿಂದ ಬಂದ ಇನ್ನೊಂದು ಆಸ್ತಿಯ ಬಗ್ಗೆ ನಿಮಿಷಣ್ಣನಿಗೆ ಒಳಗೊಳಗೇ ದಿಗಿಲಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಅಪ್ಪನ ಬಲಗಣ್ಣು ಮಂಜಾಯಿತು. ಅವರು ಯಾರಿಗೂ ಹೇಳಲಿಲ್ಲ. ಒಂದು ದಿನ ಗಿರಾಕಿಯೊಬ್ಬ ಗಡಿಯಾರ ವಾಪಸು ತಂದ. ಗಂಟೆಮುಳ್ಳು ಹನ್ನೆರಡರ ಮೇಲೆ ನೆಟ್ಟಗೆ ನಿಂತಿದ್ದರೆ ನಿಮಿಷದ ಮುಳ್ಳು ಆರರ ಮೇಲೆ ಜೋತುಬಿದ್ದಿತ್ತು. ಎರಡೂ ಮುಳ್ಳನ್ನು ಹನ್ನೆರಡರ ಮೇಲೆ ಒಟ್ಟಿಗೆ ಕೂರಿಸುವುದು ಕಸುಬಿನ ಮೊದಲ ಪಾಠ, ಕಲಿಯುವವರಷ್ಟೇ ತಪ್ಪುವ ಪಾಠ. ಅಪ್ಪ ಭೂತಗನ್ನಡಿಯನ್ನು ಡಬ್ಬಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ.

ಈಗ ನಿಮಿಷಣ್ಣನಿಗೆ ಐವತ್ತೆರಡು ತುಂಬಿ ಹದಿನೇಳು ದಿನ.

ಆ ಸೋಮವಾರದಿಂದ ಅವನ ಗುಪ್ತ ಪರೀಕ್ಷೆಗಳು ಶುರುವಾದವು. ಎಡಗಣ್ಣು ಮುಚ್ಚಿ ರಸ್ತೆಯಾಚೆಯ ಬೋರ್ಡು ಓದುವುದು. ಬಸ್ಸಿನ ನಂಬರು ಓದುವುದು. ಕನ್ನಡಿ ಮುಂದೆ ರೆಪ್ಪೆ ಎಳೆದು, ಕಪ್ಪುಗುಡ್ಡೆಯಲ್ಲಿ ಬಿಳಿ ಚುಕ್ಕೆ ಇದೆಯೇ ಎಂದು ಹುಡುಕುವುದು. ಚುಕ್ಕೆ ಇರಲಿಲ್ಲ, ಕೆಂಪು ಇತ್ತು, ಬೇಕಾದಷ್ಟು. ಬೆಳಿಗ್ಗೆ ಏಳುವಾಗ ರೆಪ್ಪೆ ಊದಿ ಅಂಟಿಕೊಂಡಿರುತ್ತಿತ್ತು. ಎದ್ದ ಕೂಡಲೇ ಒಂಬತ್ತೋ ಹತ್ತೋ ಸೀನು, ತೋಪು ಹಾರಿಸಿದ ಹಾಗೆ. ಡಾಕ್ಟರ ಹತ್ತಿರ ಹೋಗುವ ಧೈರ್ಯ ಅವನಿಗಿರಲಿಲ್ಲ. ಹೋದರೆ ಅವರು ಬಾಯಿಬಿಟ್ಟು ಹೇಳಿಬಿಡುತ್ತಾರೆ. ಹೇಳದಿದ್ದರೆ ಇನ್ನೂ ಆಗಿಲ್ಲ ಎಂದೇ ಲೆಕ್ಕ.

ಹೆಂಡತಿಯ ಕಣ್ಣಿಗೆ ಮಣ್ಣೆರಚಲು ನೋಡಿದ. ಕಣ್ಣೇ ಕೈಕೊಟ್ಟಿರುವಾಗ ಅದು ಎಲ್ಲಿ ಸಾಧ್ಯ?

"ಏನ್ರೀ, ಕಣ್ಣು ಹೀಗೆ ಕೆಂಡ ಆಗಿದೆ?"

"ನಿದ್ದೆ ಸಾಲ್ತಿಲ್ಲ ಅಷ್ಟೆ."

"ನಿದ್ದೆ ಸಾಲ್ದೆ ಇರುತ್ತಾ? ನೀವು ಗೊರಕೆ ಹೊಡೆಯೋ ಸದ್ದಿಗೆ ನನ್ನ ನಿದ್ದೇನೂ ನಿಮ್ಮ ಲೆಕ್ಕಕ್ಕೇ ಹೋಗ್ತಿದೆ."

ಬಾಯಲ್ಲಿ ಹಾಗಂದರೂ, ಗಂಡ ನೆಮ್ಮದಿಯಾಗಿ ಮಲಗಲಿ ಎಂದು ಅವಳು ತನಗೆ ಗೊತ್ತಿದ್ದ ಉಪಚಾರ ಶುರುಮಾಡಿದಳು. ಮೂರು ವರ್ಷದ ಹಿಂದೆ ಅವರು ಬಾಡಿಗೆಗೆ ಬಂದ ಈ ಮನೆಯ ಸುತ್ತ ಎದೆಮಟ್ಟದ ಬೇಲಿಗಿಡ ಇತ್ತು. ವರ್ಷಕ್ಕೊಮ್ಮೆ, ಸರಿಯಾಗಿ ಇದೇ ದಿನಗಳಲ್ಲಿ, ಅದು ಮೈತುಂಬ ಸಣ್ಣ ಬಿಳಿ ಹೂವಿನ ಗೊಂಚಲು ಬಿಡುತ್ತಿತ್ತು. ಗಮ್ಮೆನ್ನುವ ವಾಸನೆ. ಹೆಂಡತಿ ಒಗೆದ ದಿಂಬಿನ ಚೀಲ, ಕರವಸ್ತ್ರ, ಅಂಗಡಿಯಲ್ಲಿ ಗಡಿಯಾರಗಳ ಮೇಲೆ ಮುಚ್ಚುವ ತೆಳು ಬಟ್ಟೆ, ಎಲ್ಲವನ್ನೂ ಆ ಹೂವಿನ ಮೇಲೆ ಹರಡಿ ಒಣಗಿಸುತ್ತಿದ್ದಳು. ಪರಿಮಳ ಹತ್ತಲಿ ಎಂದು. ಈ ಸಲ ಗಂಡನಿಗೆ ಸೌಖ್ಯವಿಲ್ಲದ್ದರಿಂದ ದಿಂಬಿನ ಚೀಲ ದಿನವೂ ಬದಲಾಯಿತು. ಕರವಸ್ತ್ರ ದಿನಕ್ಕೆ ಆರು.

ಹೀಗಿರುವಾಗ ಎರಡನೆಯ ವಾರ ಟೀಚರಮ್ಮ ಬಂದರು. ನಲವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ನಿವೃತ್ತರಾದವರು. ಹೆಬ್ಬೆರಳ ಉಗುರಿನಷ್ಟೇ ಇದ್ದ ತಮ್ಮ ಗಡಿಯಾರವನ್ನು ಮೊನ್ನೆ ನಿಮಿಷಣ್ಣನಿಂದ ರಿಪೇರಿ ಮಾಡಿಸಿ ಒಯ್ದಿದ್ದರು. ಈಗ ಅದನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದರು.

"ಏನಪ್ಪಾ ನಿಮಿಷಣ್ಣ, ನನ್ನ ವಾಚಲ್ಲಿ ಮೂರು ಗಂಟೆಗೆ ಸರಿಯಾಗಿ ಮೂರು ಇಪ್ಪತ್ತು ಆಗುತ್ತಲ್ಲ, ಇದು ಯಾವ ಊರಿನ ಟೈಮು?"

ಕೀಲಿಯವನು ಗೊಳ್ಳೆಂದು ನಕ್ಕ. ನಿಮಿಷಣ್ಣ ನಗಲಿಲ್ಲ. ಗಡಿಯಾರ ತೆಗೆದುಕೊಂಡು ನೋಡಿದ. ಗಂಟೆಮುಳ್ಳು ಮೂರರ ಮೇಲೆ ನೆಟ್ಟಗಿತ್ತು. ನಿಮಿಷದ ಮುಳ್ಳು ನಾಲ್ಕರ ಮೇಲೆ. ಅದು ಅವನೇ ಕೂರಿಸಿದ ಮುಳ್ಳು. ಮೆಟ್ಟಿಲ ಮೇಲೆ ಯಾರೋ ಹತ್ತಿಹೋದ ಸದ್ದು ಎಲ್ಲೋ ದೂರದಲ್ಲಿ ಕೇಳಿದ ಹಾಗಾಯಿತು.

"ಒಂದ್ನಿಮಿಷ," ಎಂದ.

"ನಿನ್ನ ನಿಮಿಷ ನಂಗೊತ್ತು. ನಿಧಾನಕ್ಕೆ ಮಾಡು," ಎಂದರು ಟೀಚರಮ್ಮ. ಅವನ ಮುಖ ನೋಡಿ ಅವರೂ ತಮಾಷೆ ನಿಲ್ಲಿಸಿದ್ದರು.

ನಿಮಿಷಣ್ಣ ಭೂತಗನ್ನಡಿಯನ್ನು ಡಬ್ಬಿಗೆ ಹಾಕಿದ. ಚಪ್ಪಲಿ ಮೆಟ್ಟಿದ. ಅಷ್ಟು ಮಾಡಿದ ಮೇಲೆಯೇ ಇದೆಲ್ಲ ಹಿಂದೊಮ್ಮೆ ನೋಡಿದ ದೃಶ್ಯ ಎಂದು ಅವನಿಗೆ ಹೊಳೆದದ್ದು. ಹಾಡಹಗಲು ಬಾಗಿಲೆಳೆದು, ಗೋಡೆ ಹಿಡಿದುಕೊಂಡು ಮನೆಗೆ ನಡೆದ. ಕುರುಡನ ನಡಿಗೆಯನ್ನು ಈಗಿಂದಲೇ ಅಭ್ಯಾಸ ಮಾಡಿದ ಹಾಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಪ್ಪನದ್ದು ನಂಗೂ ಬಂತು ಕಣೇ," ಎಂದ.

ಹೆಂಡತಿಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ನಿಂತಿತು. ಆದರೆ ಹೆದರಿಕೆಯಾದಾಗ ಅವಳು ಅಳುವವಳಲ್ಲ, ಜಗಳಕ್ಕೆ ನಿಲ್ಲುವವಳು.

"ಎರಡು ವಾರದಿಂದ ಮುಚ್ಚಿಟ್ಕೊಂಡು ಓಡಾಡಿದ್ರಾ? ನಾನೇನು ಪಕ್ಕದ ಮನೆಯವಳಾ? ನಡೀರಿ ಡಾಕ್ಟರ ಹತ್ರ."

"ಒಂದ್ನಿಮಿಷ..."

"ನಿಮಿಷ ಅಂದ್ರೆ ಹಲ್ಲು ಉದುರಿಸ್ತೀನಿ. ಆಮೇಲೆ ಹಲ್ಲಿನ ಡಾಕ್ಟರ ಹತ್ರಾನೂ ಹೋಗಬೇಕಾಗುತ್ತೆ."

ಕಣ್ಣಿನ ಡಾಕ್ಟರಮ್ಮನ ಕೋಣೆ ಕತ್ತಲಾಗಿತ್ತು. ಅಪ್ಪನ ಕಣ್ಣು, ಟೀಚರಮ್ಮನ ಗಡಿಯಾರದ ಮುಳ್ಳು, ಎಲ್ಲವನ್ನೂ ನಿಮಿಷಣ್ಣ ಒಂದೇ ಉಸಿರಿಗೆ ಹೇಳಿದ. ಗಲ್ಲವನ್ನು ಒಂದು ಪಟ್ಟಿಯ ಮೇಲಿಟ್ಟು, ಹಣೆ ಒತ್ತಿ ಕೂರಬೇಕಿತ್ತು. ಬೆಳಕಿನ ಗೀಟೊಂದು ಕಣ್ಣೊಳಗೆ ಹೊಕ್ಕಿತು. ನಿಮಿಷಣ್ಣ ಅಭ್ಯಾಸಬಲದಿಂದ ಉಸಿರು ಹಿಡಿದ. ಇಷ್ಟು ವರ್ಷ ತಾನು ಗಡಿಯಾರಗಳ ಹೊಟ್ಟೆಯನ್ನು ಹೀಗೇ ಇಣುಕಿ ನೋಡಿದ್ದ. ಪಾಪ, ಅವಕ್ಕೂ ಹೀಗೇ ಅನ್ನಿಸುತ್ತಿತ್ತೇನೋ. ಡಾಕ್ಟರಮ್ಮ ಎಡಗಣ್ಣು ನೋಡಿದರು. ಮತ್ತೆ ಬಲಗಣ್ಣು. ರೆಪ್ಪೆ ಮಗುಚಿ ನೋಡಿದರು. ಹೆಂಡತಿ ಅವನ ಅಂಗಿಯ ಚುಂಗು ಹಿಡಿದುಕೊಂಡಿದ್ದಳು.

"ಉಸಿರು ಬಿಡಿ," ಎಂದರು ಡಾಕ್ಟರಮ್ಮ. "ಇಲ್ಲದಿದ್ರೆ ನಾನು ಬೇರೆ ಡಾಕ್ಟರನ್ನ ಕರೀಬೇಕಾಗುತ್ತೆ. ಪೊರೆ ಏನೂ ಇಲ್ಲ. ಒಳಗೆಲ್ಲ ತಿಳಿನೀರಿನ ಹಾಗಿದೆ. ರೆಪ್ಪೆ ಒಳಗೆ ಮಾತ್ರ ಗುಳ್ಳೆ ಎದ್ದಿದೆ. ತುಂಬ ನವೆ ಅಲ್ವಾ? ಬೆಳಿಗ್ಗೆ ಜಾಸ್ತಿನಾ?"

"ಬೆಳಿಗ್ಗೇನೇ ಜಾಸ್ತಿ."

"ಹೋದ ವರ್ಷ?"

"ಹೋದ ವರ್ಷ ಇವರಿಗೆ ಮೂರು ವಾರ ನೆಗಡಿ," ಎಂದಳು ಹೆಂಡತಿ. "ಇದೇ ತಿಂಗಳು. ಅದರ ಹಿಂದಿನ ವರ್ಷಾನೂ." ಹೇಳುತ್ತ ಹೇಳುತ್ತ ಅವಳ ಹುಬ್ಬು ಗಂಟಿಕ್ಕಿತು. "ಜ್ವರ ಮಾತ್ರ ಇರ್ಲಿಲ್ಲ."

ಡಾಕ್ಟರಮ್ಮ ಕುರ್ಚಿ ಹಿಂದೆ ಸರಿಸಿದರು. ತಮ್ಮ ಕೈಗಡಿಯಾರವನ್ನು ಎತ್ತಿ ತೋರಿಸಿದರು. "ನೀವು ಇದಕ್ಕೆ ಕೇಳಿದ್ದನ್ನೇ ನಿಮಗೆ ಕೇಳ್ತೀನಿ. ರಾತ್ರಿ ನೀವು ಎಲ್ಲಿ ಮಲಗ್ತೀರಿ?"

ಉತ್ತರ ಕೊಟ್ಟವಳು ಹೆಂಡತಿ, ಅದೂ ಹೆಮ್ಮೆಯಿಂದ: ಕಿಟಕಿ ಪಕ್ಕ, ಬಲಮಗ್ಗುಲಿಗೆ, ಹೂವಿನ ಬೇಲಿಯ ಮೇಲೆ ಒಣಗಿಸಿದ ದಿಂಬಿನ ಮೇಲೆ, ದಿನಾ ಬದಲಾಯಿಸಿದ ದಿಂಬಿನ ಮೇಲೆ, ಕರವಸ್ತ್ರ ಕೂಡ ಅಲ್ಲೇ... ಅಷ್ಟರಲ್ಲಿ ಅವಳ ಮಾತು ತಾನಾಗಿ ನಿಂತಿತು. ಸೆರಗು ಬಾಯಿಗೆ ಹೋಯಿತು.

"ಅಯ್ಯೋ, ಆ ಹೂವನ್ನ ನಾನೇ ಇವರ ಕಣ್ಣಿಗೆ ಹಾಕಿದ್ನಾ?"

"ನೀವಲ್ಲಮ್ಮ, ಹೂವಿನ ಪರಾಗ. ಒದ್ದೆ ಬಟ್ಟೆಗೆ ಹಿಟ್ಟಿನ ಹಾಗೆ ಅಂಟ್ಕೊಳ್ಳುತ್ತೆ. ನಿಮಗೇನೂ ಮಾಡಲ್ಲ, ಇವರಿಗೆ ಆಗಿಬರಲ್ಲ. ಅದಕ್ಕೇ ಅಲರ್ಜಿ ಅನ್ನೋದು. ಅದೇ ಕರವಸ್ತ್ರದಲ್ಲಿ ಉಜ್ಜಿದ್ರೆ ಇನ್ನಷ್ಟು ಒಳಗೆ ತುಂಬಿದ ಹಾಗಾಯ್ತು. ನೀರು ತುಂಬಿದ ಕಣ್ಣಲ್ಲಿ ಮುಳ್ಳು ಸರಿ ಕೂರಿಸೋಕೆ ಯಾರಿಂದ ಆಗುತ್ತೆ?"

ಡಾಕ್ಟರಮ್ಮನ ಆಜ್ಞೆಗಳು ಯುದ್ಧಕಾಲದ ಆಜ್ಞೆಗಳಂತಿದ್ದವು. ಬಟ್ಟೆ ಒಣಗುವುದು ಒಳಗೆ. ಹೂವು ಇರುವಷ್ಟು ದಿನ ಬೇಲಿ ಕಡೆಯ ಕಿಟಕಿ ಬಂದ್. ಹೊರಗಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಬೇಕು, ಮಲಗುವ ಮೊದಲು ತಲೆಗೆ ನೀರು. ನವೆಯಾದರೆ ತಣ್ಣೀರ ಬಟ್ಟೆ ಇಡಬೇಕು, ಉಜ್ಜಕೂಡದು. ಕಣ್ಣಿಗೆ ಹನಿ, ಜೊತೆಗೆ ನಿದ್ದೆ ಬರಿಸದ ಮಾತ್ರೆ. ಮುಂದಿನ ವರ್ಷ ಮೊಗ್ಗು ಕಾಣುವ ಮೊದಲೇ ಬಂದು ತೋರಿಸಿ ಔಷಧಿ ಶುರುಮಾಡಬೇಕು. ಇಷ್ಟು ಹೇಳಿ ಡಾಕ್ಟರಮ್ಮ ನಗುವುದನ್ನು ನಿಲ್ಲಿಸಿದರು. "ಉಸಿರಾಡುವಾಗ ಸಿಳ್ಳೆ ಹೊಡೆದ ಹಾಗೆ ಸದ್ದು ಬಂದ್ರೆ, ಎದೆ ಬಿಗಿದ ಹಾಗಾದ್ರೆ, ಒಂದ್ನಿಮಿಷ ಅನ್ನಬೇಡಿ. ನೇರ ಆಸ್ಪತ್ರೆಗೆ."

ನಿಮಿಷಣ್ಣ ಎದ್ದವನು ಮತ್ತೆ ಕೂತ. "ಅಪ್ಪನದ್ದು?"

"ಅವರನ್ನ ನಾನು ನೋಡಿಲ್ಲ. ಪೊರೆ ಇದ್ದಿರಬಹುದು. ಪೊರೆ ಆಗಿದ್ರೆ, ಆಪರೇಷನ್ ಮಾಡಿ ತೆಗೀಬಹುದಿತ್ತು. ಅವರು ಯಾರಿಗಾದ್ರೂ ತೋರಿಸಿದ್ರಾ?"

ತೋರಿಸಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿದ್ದರು. ಈ ಸಲ ನಿಮಿಷಣ್ಣನ ಕಣ್ಣಲ್ಲಿ ಬಂದ ನೀರಿಗೆ ಬೇಲಿಗಿಡ ಕಾರಣವಲ್ಲ.

ಮನೆಗೆ ಬಂದದ್ದೇ ಹೆಂಡತಿ ಕುಡುಗೋಲು ಹಿಡಿದು ಬೇಲಿಯ ಮೇಲೆ ದಂಡೆತ್ತಿ ಹೊರಟಳು. ನಿಮಿಷಣ್ಣ ಕಿಟಕಿಯ ಗಾಜಿನ ಹಿಂದಿನಿಂದಲೇ ಕೈಮುಗಿದ. ಹೂ ತುಂಬಿದ ಗಿಡ ಕಡಿದರೆ ಆ ಹುಡಿಯೆಲ್ಲ ಒಳಗೇ ಬರುತ್ತಿತ್ತು. ಮನೆ ಮಾಲೀಕನಿಗೆ ಹೇಳಿ ಮುಂದಿನ ವರ್ಷ ಮೊಗ್ಗಿಗೆ ಮೊದಲೇ ಸವರಿಸುವುದೆಂದು ಒಪ್ಪಂದವಾಯಿತು. ಅಲ್ಲಿಯವರೆಗೆ ಅಡುಗೆಮನೆಯ ಅಡ್ಡಹಗ್ಗದಲ್ಲಿ ದಿಂಬಿನ ಚೀಲಗಳು ನೇತಾಡಿದವು. ಕರವಸ್ತ್ರಗಳಿಗೆ ಒಗ್ಗರಣೆಯ ಪರಿಮಳ ಹತ್ತಿತು.

ಆದರೆ ಹೆದರಿಕೆ ಔಷಧಿ ಹಾಕಿದ ಕೂಡಲೇ ಇಳಿಯುವಂಥದ್ದಲ್ಲ. ಸೀನು ನಾಲ್ಕು ದಿನಕ್ಕೆ ಕಡಿಮೆಯಾಯಿತು, ಕೆಂಪು ಒಂದು ವಾರಕ್ಕೆ. ಡಬ್ಬಿಯೊಳಗಿನ ಭೂತಗನ್ನಡಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಗೋಡೆಗಡಿಯಾರಗಳನ್ನಷ್ಟೇ ರಿಪೇರಿ ಮಾಡುತ್ತ ಕಾಲ ನೂಕಿದ. ಟೀಚರಮ್ಮನ ಗಡಿಯಾರ ಮೇಜಿನ ಖಾನೆಯಲ್ಲಿ ತಪ್ಪು ಕೂತ ಮುಳ್ಳನ್ನು ಹೊತ್ತುಕೊಂಡು ಕಾದಿತ್ತು. ಡಾಕ್ಟರಮ್ಮ ತನ್ನನ್ನು ಸಮಾಧಾನ ಮಾಡಲು ಹಾಗಂದಿದ್ದರೆ?

ಹನ್ನೆರಡನೆಯ ದಿನ ಟೀಚರಮ್ಮ ಬಂದು ಎದುರಿನ ಸ್ಟೂಲಿನಲ್ಲಿ ಕೂತೇಬಿಟ್ಟರು. "ಇವತ್ತು ನಾನು ಏಳಲ್ಲ. ಪರೀಕ್ಷೆ ಶುರುಮಾಡು."

ನಿಮಿಷಣ್ಣ ಡಬ್ಬಿ ತೆರೆದ. ಭೂತಗನ್ನಡಿ ಬಲಗಣ್ಣಿಗೇರಿತು. ಪಕ್ಕದಲ್ಲಿ ಕೀಲಿಯವನು, ಯಾರೂ ಹೇಳದೆಯೇ, ಕೀಲಿ ಅರೆಯುವ ಯಂತ್ರ ನಿಲ್ಲಿಸಿದ. ಚಹಾ ಲೋಟವನ್ನು ಅಂಗೈಯಿಂದ ಮುಚ್ಚಿಕೊಂಡ. ನಿಮಿಷಣ್ಣ ಮುಳ್ಳು ಬಿಚ್ಚಿ, ಗಂಟೆಮುಳ್ಳನ್ನು ಹನ್ನೆರಡಕ್ಕೆ ಕೂರಿಸಿದ. ಚಿಮಟದ ತುದಿಯಲ್ಲಿ ನಿಮಿಷದ ಮುಳ್ಳು ಎತ್ತಿದ. ಉಸಿರು ಹಿಡಿದ. ಮೂಗಿನ ಬುಡದಲ್ಲಿ ಏನೋ ಹರಿದಾಡಿದ ಹಾಗಾಯಿತು. ಬಂತು, ಇನ್ನೇನು ಬಂತು, ಎಂದುಕೊಂಡ. ಬರಲಿಲ್ಲ. ಮುಳ್ಳು ಗಂಟೆಮುಳ್ಳಿನ ನೆತ್ತಿಯ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು.

ಗಾಜು ಮುಚ್ಚಿ, ಪಕ್ಕದ ಗುಂಡಿ ತಿರುಗಿಸಿ ಮುಳ್ಳನ್ನು ಮೂರಕ್ಕೆ ತಂದು, ಟೀಚರಮ್ಮನ ಅಂಗೈಯಲ್ಲಿಟ್ಟ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಹಳೆಯ ಉತ್ತರಪತ್ರಿಕೆ ನೋಡುವವರ ಹಾಗೆ ನೋಡಿದರು.

"ಮೂರು ಗಂಟೆಗೆ ಎಷ್ಟಾಗುತ್ತೆ?"

"ಮೂರು, ಟೀಚರ್."

"ಪಾಸು."

ಆಗ ನಿಮಿಷಣ್ಣ ಸೀನಿದ. ಮೂವರೂ ಕಲ್ಲಾದರು. ಅವನು ಎಡಗಣ್ಣು ಮುಚ್ಚಿ, ಟೀಚರಮ್ಮನ ಅಂಗೈಯತ್ತ ಬಾಗಿ, ಗಡಿಯಾರದ ಮುಖದ ಬುಡದಲ್ಲಿದ್ದ ಇರುವೆಗಾತ್ರದ ಅಕ್ಷರಗಳನ್ನು ಒಂದೊಂದಾಗಿ, ಗಟ್ಟಿಯಾಗಿ, ಕೊನೆಯವರೆಗೂ ಓದಿದ. ಓದಿ ಮುಗಿಸಿ ಕುರ್ಚಿಗೆ ಒರಗಿದ.

"ನನ್ನ ಯಂತ್ರದ ಧೂಳಣ್ಣ," ಎಂದ ಕೀಲಿಯವನು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. ಆಮೇಲೆ ಲೋಟದ ಮೇಲಿನ ಕೈ ತೆಗೆದು, ಒಳಗೆ ಒಮ್ಮೆ ಇಣುಕಿ, ಕುಡಿದ.