ಸದಾನಂದನ ಲ್ಯಾಪ್‌ಟಾಪಿಗೆ ಹೊಸ ಇನಿಟ್

ಹಳೆಯ ಲ್ಯಾಪ್‌ಟಾಪಿನ ಫ್ಯಾನು ಉಗುಳುವ ಬಿಸಿ ಧೂಳಿನ ವಾಸನೆ ನಿಮಗೂ ಗೊತ್ತಿರಬೇಕು. ನಿನ್ನೆ ಗುಂಡಿ ಒತ್ತಿದ್ದೇ ತಡ, ಆ ವಾಸನೆಯೊಂದಿಗೆ ವರ್ಷಗಳ ಹಿಂದಿನ, ದುಬೈಯ ಅಲ್ ಕುಸೈಸಿನ ನಮ್ಮ ಕೋಣೆಯೂ ಎದ್ದುಬಂತು.

ನಾನು ಮೈಸೂರಿನವನು, ಹೈಸ್ಕೂಲಷ್ಟೇ ಓದಿ ಆಗ ಅಲ್ಲಿ ಗೋದಾಮಿನ ಗುಮಾಸ್ತನಾಗಿದ್ದೆ. ಆದರೂ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು ಇಡೀ ಕಟ್ಟಡಕ್ಕೆ ಕಂಪ್ಯೂಟರ್ ಪಂಡಿತ ಅನ್ನಿಸಿಕೊಂಡಿದ್ದೆ. ಕೋಣೆಯ ಜೊತೆಗಾರ ಪುತ್ತೂರಿನ ಸದಾನಂದ ನನ್ನಿಂದಲೇ ಕಲಿತವನು. ಒಂದು ದಿನ ಹೇಳಿದ: "ಅಣ್ಣ, ನಾನು ಇನಿಟ್ ಬದಲಾಯಿಸ್ತೇನೆ."

ಇನಿಟ್ ಅಂದರೆ ಲ್ಯಾಪ್‌ಟಾಪಿನೊಳಗಿನ ಕೆಲಸಗಾರರನ್ನೆಲ್ಲ ಬೆಳಿಗ್ಗೆ ಎಬ್ಬಿಸುವ ಮೇಸ್ತ್ರಿ. "ಇರೋ ಮೇಸ್ತ್ರಿಗೆ ಏನಾಗಿದೆಯಯ್ಯ?" ಎಂದು ಗೇಲಿ ಮಾಡಿದೆ. ಆದರೆ ಶಿಷ್ಯ ಮುಂದೆ ಹೋದಾನೆಂಬ ಉರಿಯಲ್ಲಿ ಗುಟ್ಟಾಗಿ ನಾನೇ ಮೊದಲು ಬದಲಾಯಿಸಿದೆ. ವೈಫೈ ಹೋಯಿತು. ಹೊಸ ಮೇಸ್ತ್ರಿ ತಾನಾಗಿ ವೈಫೈಯನ್ನು ಎಬ್ಬಿಸುವುದಿಲ್ಲ, ಒಂದು ಸಾಲು ಬರೆದು ಹೇಳಬೇಕು ಎಂಬುದು ತಿಣುಕಾಡಿದ ಮೇಲೆ ತಿಳಿಯಿತು. ಬರೆದೆ, ವೈಫೈ ಬಂತು.

ಗುರುವಾರ ಸಂಜೆ ಸದಾನಂದನೂ ಬದಲಾಯಿಸಿದ. ಚಕ್ಕನೆ ಎದ್ದ ಲ್ಯಾಪ್‌ಟಾಪ್ ಕಂಡು ಕೋಣೆಯವರಿಗೆಲ್ಲ ಸಂಭ್ರಮ, ವೈಫೈ ಬಂದಿದೆಯೇ ಎಂದು ಯಾರೂ ನೋಡಲಿಲ್ಲ. "ಪಂಡಿತರೇ, ನಿಮ್ಮದು ಕಣ್ಣು ಬಿಡೋ ಹೊತ್ತಿಗೆ ಇವನದ್ದು ಚಾ ಕುಡಿದು ಡ್ಯೂಟಿಗೆ ಹೋಗ್ತದೆ!" ಅಂದರು. ನನ್ನದೂ ಹಾಗೇ ಏಳುತ್ತಿತ್ತು. ಗೇಲಿ ಮಾಡಿದ ಬಾಯಲ್ಲಿ ಹೇಳುವುದು ಹೇಗೆ?

ಶುಕ್ರವಾರ ಊರಿನಲ್ಲಿ ಅವನ ಮಗಳ ನಾಮಕರಣ. ಇನ್ನೂ ಕಣ್ಣಾರೆ ಕಾಣದ ಕೂಸಿನ ಮುಖ ಲ್ಯಾಪ್‌ಟಾಪಿನಲ್ಲಿ ನೋಡುತ್ತ ಹೆಸರು ಕರೆಯಬೇಕೆಂದು ಹೊಸ ಅಂಗಿ ತೊಟ್ಟು ಕೂತಿದ್ದ. ವೈಫೈ ಬರಲಿಲ್ಲ.

"ಎಂತ ಮಾಡುದು ಅಣ್ಣ? ನಿಮಗೆ ಗೊತ್ತುಂಟಾ?"

"ಇಲ್ಲ ಕಣಯ್ಯ."

"ನಿಮ್ಮದು ಒಮ್ಮೆ ಕೊಡ್ತೀರಾ?"

"ನಂದೂ ಹಾಳಾಗಿದೆ."

ಮುಹೂರ್ತ ಮೀರುತ್ತಿತ್ತು. ಕೊನೆಗೆ ಮುಖ ಕಾಣದ ಸಾದಾ ಫೋನಿನಲ್ಲಿ, ಅಷ್ಟು ದೂರಕ್ಕೆ ಕೇಳಿಸಬೇಕೆಂಬಂತೆ, "ಅನ್ವಿತಾ, ಅನ್ವಿತಾ" ಎಂದು ಕೂಗಿದ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಓಡಿಬಂದ. "ಸಿಕ್ಕಿತು ಅಣ್ಣ! ಒಂದೇ ಸಾಲು! ನಿಮ್ಮದಕ್ಕೂ ಇದೇ ಕಾಯಿಲೆ ಇರ್ಬೇಕು, ಕೊಡಿ, ಸರಿ ಮಾಡ್ತೇನೆ." ನಾನು ಬೇಡವೆನ್ನುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ತೆರೆಯಲ್ಲಿ ಮೂಡಿದ್ದು ಅದೇ ಹೊಸ ಇನಿಟ್. ವೈಫೈ ತಾನಾಗಿ ಬಂತು. ಸದಾನಂದ ತೆರೆಯನ್ನೇ ನೋಡಿದ, ನನ್ನನ್ನು ನೋಡಲಿಲ್ಲ. ಮೆಲ್ಲಗೆ ಮುಚ್ಚಿ ನನ್ನ ಮಂಚದ ಮೇಲಿಟ್ಟ. ಸ್ವಲ್ಪ ದಿನಕ್ಕೆ ಅಬುಧಾಬಿಯಲ್ಲಿ ಕೆಲಸ ಹಿಡಿದು ಅಲ್ಲಿನ ಖಾಲಿದಿಯಾ ಬಡಾವಣೆಗೆ ಹೋದ.

ನಿನ್ನೆ ಅವನ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ಒಬ್ಬ ಹುಡುಗಿ. "ಹಲೋ, ಹೂ ಈಸ್ ದಿಸ್?"

ಹೆಸರು ಗೊತ್ತಿತ್ತು. ಕರೆಯಲು ನಾಲಿಗೆ ಏಳಲಿಲ್ಲ. "ಅಪ್ಪನಿಗೆ ಕೊಡಮ್ಮ," ಎಂದೆ. ಅವನು "ಯಾರು?" ಎಂದ ಕೂಡಲೇ, ಕುಶಲ ಕೂಡ ಕೇಳದೆ, ಅವತ್ತು ನನಗೆ ಗೊತ್ತಿತ್ತು ಎಂಬಲ್ಲಿಂದ ಶುರು ಮಾಡಿದೆ.