ಅಕ್ಕ ನೆಲನೆಲ್ಲಿ ಅರೆಯಲೊಲ್ಲದ ಬೆಳಗು

ಮೊನ್ನೆ ನಮ್ಮ ಅಂಧೇರಿಯ ಬಿಲ್ಡಿಂಗಿನಲ್ಲಿ ಜಿರಲೆಗೆ ಔಷಧಿ ಹೊಡೆದರು. ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಸೀಮೆಎಣ್ಣೆ ಬೆರೆತಂಥ ವಾಸನೆ. ಅದು ಮೂಗಿಗೆ ಬಡಿದದ್ದೇ ವಡಾಲದ ಚಾಳಿನ ಪಕ್ಕದ ಖೋಲಿಯ ಅಕ್ಕ ನೆನಪಾದರು...

ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಉಡುಪಿಯಿಂದ ಆಗಷ್ಟೇ ಬಂದಿದ್ದೆ. ಅಕ್ಕ ವಿಜಾಪುರದ ಕಡೆಯವರು. ಅವರ ಯಜಮಾನರಿಗೆ ಬಂದರಿನ ಹತ್ತಿರದ ಒಂದು ಧಾನ್ಯದ ಗೋದಾಮಿನಲ್ಲಿ ಹುಳ ಬೀಳದಂತೆ ಡಿಡಿಟಿ ಹೊಡೆಯುವ ಕೆಲಸ. ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ಅಷ್ಟೇ. ಸಂಜೆ ಅವರು ಬಂದದ್ದು ನಮಗೆ ವಾಸನೆಯಿಂದಲೇ ತಿಳಿಯುತ್ತಿತ್ತು.

ಒಂದು ಮಳೆಗಾಲದಲ್ಲಿ ಯಜಮಾನರ ಕಣ್ಣು ಹಳದಿಯಾಯಿತು. ಅನ್ನ ಕಂಡರೆ ವಾಕರಿಕೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಲಿವರ್ ಊದಿದೆ, ಇನ್ನು ಆ ಡಿಡಿಟಿಯ ಹತ್ತಿರ ಸುಳಿಯಬೇಡಿ ಎಂದರು. ನಮ್ಮೂರಿನಲ್ಲಿ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಅಕ್ಕನಿಗೆ ಹೇಳಿದೆ. ಚಾಳಿನ ಹಿಂದಿನ ಖಾಲಿ ಜಾಗದಲ್ಲಿ, ಕೆಸರಿನಲ್ಲಿ ಸೀರೆ ಎತ್ತಿ ಕಟ್ಟಿ, ಎಲೆಯಡಿ ಸಾಸಿವೆಯಂಥ ಕಾಯಿ ಬಿಡುವ ಆ ಸಣ್ಣ ಗಿಡವನ್ನು ಇಬ್ಬರೂ ಹುಡುಕಿ ತರುತ್ತಿದ್ದೆವು.

ಬರಬರುತ್ತ ಕಣ್ಣು ತಿಳಿಯಾಯಿತು. ಸೊಪ್ಪಿನಿಂದಲೋ, ಕೆಲಸಕ್ಕೆ ಹೋಗದೆ ಮಲಗಿದ್ದರಿಂದಲೋ, ನನಗೆ ಗೊತ್ತಿಲ್ಲ. ಯಜಮಾನರಿಗೆ ಮಾತ್ರ ಸಂಶಯವೇ ಇರಲಿಲ್ಲ. ಒಂದು ಬೆಳಿಗ್ಗೆ ಖಾಕಿ ಅಂಗಿ ತೊಟ್ಟು ಹೊರಟು ನಿಂತರು.

“ದಿನಾ ಒಂದ ಲೋಟ ಈ ರಸಾ ಕುಡದ್ರ ಲಿವರಿಗೆ ಏನೂ ಆಗೂದಿಲ್ಲ. ತಾ ಇಲ್ಲೆ.”

ಅಕ್ಕನ ಕೈ ಅರೆಯುವ ಕಲ್ಲಿನ ಮೇಲೆ ನಿಂತಿತು. ಅರೆದಷ್ಟನ್ನೂ ಬಳಿದು ಮೋರಿಗೆ ಹಾಕಿದರು. ಸೊಪ್ಪು ಹಿಡಿದು ಬಂದ ನಾನು ಬಾಗಿಲಲ್ಲೇ ನಿಂತೆ.

“ಇದನ್ನ ಕುಡದು ಮತ್ತ ವಿಷಾ ಹೊಡ್ಯಾಕ ಹೋಗೂದಾದ್ರ ನಾ ಅರೆಯೂದಿಲ್ರಿ. ಆ ಕೆಲಸಾ ಬಿಡ್ರಿ, ಅರೆದು ಕೊಡ್ತೀನಿ.”

“ಖೋಲಿ ಹೋಗ್ತೈತಿ, ತಿಳೀತೇನ?” ಆ ಖೋಲಿ ಗೋದಾಮಿನ ಮಾಲಕ ಕೊಟ್ಟದ್ದು.

“ಹೋಗ್ಲಿ. ನೀವು ಇರ್ರಿ.”

ಯಜಮಾನರು ಮೆಟ್ಟಿದ್ದ ಚಪ್ಪಲಿ ಬಿಟ್ಟರು. ಆಮೇಲೆ ಅಂಗಿ ಕಳಚಿ ಗೂಟಕ್ಕೆ ಹಾಕಿದರು.

ಆ ತಿಂಗಳೇ ಖೋಲಿ ಬಿಟ್ಟು ದಹಿಸರಿಗೆ ಹೋದರು. ಸ್ಟೇಷನ್ನಿನ ಹೊರಗೆ ತರಕಾರಿ ಮಾರಿದರು. ನಾನು ಆಗಾಗ ಲೋಕಲ್ ಹಿಡಿದು ಹೋಗುತ್ತಿದ್ದೆ. ಅಕ್ಕ ಬಿಸಿ ರೊಟ್ಟಿ ಬಡಿಯುತ್ತ, “ಉಣ್ಣು ತಂಗಿ, ವಡಾಲದತನಕ ಹೋಗಬೇಕು” ಎನ್ನುತ್ತಿದ್ದರು. ಯಜಮಾನರು ಮೈ ತುಂಬಿಕೊಂಡಿದ್ದರು.

ಇಬ್ಬರಲ್ಲಿ ಮೊದಲು ತೀರಿಹೋದದ್ದು ಅಕ್ಕ. ಹೆರಿಗೆಯಲ್ಲಿ. ಯಜಮಾನರೇ ವಡಾಲಕ್ಕೆ ಬಂದು ತಿಳಿಸಿದರು. “ನನ್ನ ಉಳಿಸಿದಾಕಿ ಹೋದಳು, ತಂಗಿ” ಎಂದರು. ನೀರು ಕೊಟ್ಟೆ, ಕುಡಿಯಲಿಲ್ಲ.

ಈಗ ಅವರೂ ಇಲ್ಲ. ನಾನು ಆಕೆಯನ್ನು ಅಕ್ಕ ಎಂದೇ ಕರೆದೆ, ಹಿರಿಯರೆಂದೇ ನಡೆದುಕೊಂಡೆ. ಹೋಗುವಾಗ ಅಕ್ಕನಿಗೆ ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ... ನನ್ನ ಮೊಮ್ಮಗಳು ಈಗ ಅವರಿಗಿಂತ ದೊಡ್ಡವಳು.